ಲಕ್ವ ಹೊಡೆದವರನ್ನು ಆಸ್ಪತ್ರೆಯಲ್ಲಿ ಓಡಾಡಿಸುವುದು ಹೇಗೆ?

ಫಿಸಿಯೋಥೆರಪಿಸ್ಟ್ ಬಂದು ಒಂದಿಷ್ಟು ಹೊತ್ತು ವ್ಯಾಯಾಮ ಮಾಡಿಸಿ ಹೋದರೆ ಅವತ್ತಿನ ಪಾಲಿನದು ಮುಗಿಯಿತು ಎಂದು ಮನೆಯವರು ನಿರಾಳರಾಗುತ್ತಾರೆ. ರೋಗಿ ಮತ್ತೆ ಮಲಗುತ್ತಾರೆ. ಮೆಲ್ಬರ್ನ್‌ನ ಆಸ್ಪತ್ರೆಗಳಲ್ಲಿ ಲಕ್ವ ರೋಗಿಗಳನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ಹಗಲಿನ ಅರ್ಧಕ್ಕೂ ಹೆಚ್ಚು ಹೊತ್ತು ಹಾಸಿಗೆ, ಶೇ 60ರಷ್ಟು ಹೊತ್ತು ಒಂಟಿತನ. ಆ ಖಾಲಿ ಹೊತ್ತನ್ನು ಬಳಸಿಕೊಳ್ಳುವುದೇ ನಿಮ್ಮ ಕೆಲಸ.

ಮೊದಲು ವೈದ್ಯರನ್ನು ಕೇಳಿ. ಮೊದಲ 24 ಗಂಟೆಯಲ್ಲೇ ಅವಸರಪಟ್ಟು ಪದೇ ಪದೇ, ಹೆಚ್ಚು ಹೊತ್ತು ಎಬ್ಬಿಸಿದರೆ ಒಳಿತಿಗಿಂತ ಕೆಡುಕೇ ಹೆಚ್ಚು ಎಂದು 2015ರ ದೊಡ್ಡ ಪ್ರಯೋಗವೊಂದು ತೋರಿಸಿದೆ.

ಒಪ್ಪಿಗೆ ಸಿಕ್ಕ ಮೇಲೆ ಹಗಲಿನ ಜಾಗ ಕುರ್ಚಿ. ಊಟ, ಪತ್ರಿಕೆ, ಹರಟೆ ಎಲ್ಲ ಅಲ್ಲೇ.

ಮುಂದಿನದು ಕುರ್ಚಿಯಿಂದ ಏಳುವುದು. ಎಲ್ಲರೂ ಕೆಡಿಸುವುದು ಇಲ್ಲೇ: ಬಿದ್ದುಹೋದ ಕೈ ಹಿಡಿದೋ ಕಂಕುಳಿಗೆ ಕೈ ಹಾಕಿಯೋ ಎಳೆದುಬಿಡುತ್ತಾರೆ. ಸೋತ ಸ್ನಾಯುಗಳು ಭುಜವನ್ನು ಬಿಗಿಹಿಡಿಯಲಾರವು. ಎಳೆದರೆ ಕೀಲು ಜಾರಿ, ನೋವು ತಿಂಗಳುಗಟ್ಟಲೆ ಕಾಡಬಹುದು. ಎಬ್ಬಿಸುವ ರೀತಿಯನ್ನು ಥೆರಪಿಸ್ಟ್ ಎದುರಿಗೇ ಒಮ್ಮೆ ಮಾಡಿ ತೋರಿಸಿ, ಆಮೇಲೆ ನೀವೇ ಮಾಡಿಸಿ. ಎತ್ತರದ, ಕೈಯಿರುವ ಕುರ್ಚಿಯಿಂದ ಶುರುಮಾಡಿ. ಗಾಲಿಕುರ್ಚಿಯಾದರೆ ಬ್ರೇಕ್ ಹಾಕಿ, ಕಾಲಿಡುವ ತಟ್ಟೆ ಮೇಲೆತ್ತಿ. ರೋಗಿ ಕುರ್ಚಿಯ ಅಂಚಿಗೆ ಸರಿಯಲಿ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿ, ಮಂಡಿಗಿಂತ ತುಸು ಹಿಂದಿರಲಿ. ನೀವು ಸೋತ ಬದಿಯಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಿ. ಮೂಗು ಕಾಲ್ಬೆರಳು ದಾಟುವಷ್ಟು ಮುಂದೆ ಬಾಗಲು ಹೇಳಿ. ಬೀಳುತ್ತೇನೆಂಬ ಭಯಕ್ಕೆ ಅವರು ಹಿಂದಕ್ಕೇ ವಾಲುತ್ತಾರೆ, ಹಾಗಾಗಿಯೇ ಏಳಲಾಗುವುದಿಲ್ಲ. ಭಾರ ಗಟ್ಟಿ ಕಾಲಿನ ಮೇಲಷ್ಟೇ ಬೀಳದಂತೆ ನೋಡಿ. ಕೂರುವಾಗಲೂ ಧೊಪ್ಪನೆ ಬೇಡ. ನಾಲ್ಕು ಎಣಿಸುತ್ತಾ ಇಳಿಯಲಿ. ಮೂರ್ನಾಲ್ಕು ಸಲ ಸಾಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ತಲೆಸುತ್ತು, ಎದೆನೋವು, ಉಸಿರುಗಟ್ಟುವಿಕೆ ಕಂಡರೆ ಕೂರಿಸಿ, ನರ್ಸ್‌ರನ್ನು ಕರೆಯಿರಿ.

ಹವಾಯಿ ಚಪ್ಪಲಿಯನ್ನು ಮನೆಗೆ ಕಳಿಸಿ. ಹಿಮ್ಮಡಿ ಹಿಡಿಯುವ ಬೂಟೇ ಆಗಬೇಕು.

ರಬ್ಬರ್ ಚೆಂಡು ತರುವ ನೆಂಟರಿಗೂ ಒಂದು ಮಾತು: ಬಹಳಷ್ಟು ಜನರಿಗೆ ಕಷ್ಟವಾಗುವುದು ಮುಷ್ಟಿ ಬಿಗಿಯುವುದಲ್ಲ, ಬೆರಳು ಬಿಡಿಸುವುದು. ಚೆಂಡಿಗಿಂತ ಲೋಟವನ್ನು ಹಿಡಿದು ಬಿಡುವ ಅಭ್ಯಾಸ ನನಗೆ ಮೆಚ್ಚು. ತಲೆಯ ಮೇಲೆ ಹಗ್ಗ ಕಟ್ಟಿ ಕೈ ಎಳೆಯುವ ರಾಟೆಯಂತೂ ಬೇಡವೇ ಬೇಡ, ಭುಜಕ್ಕೆ ಕೇಡು.

ಕೊನೆಯ ಹಂತ ನಿಮ್ಮ ತಾಳ್ಮೆಯದು. ಮುಖ ತೊಳೆಯುವುದು, ತಲೆ ಬಾಚುವುದು, ಗುಂಡಿ ಹಾಕುವುದು ಎಲ್ಲ ಅವರೇ ಮಾಡಲಿ, ಸೋತ ಕೈಯೂ ಕೂಡಿಕೊಳ್ಳಲಿ. ಬಳಸದ ಕೈಯನ್ನು ಮಿದುಳು ಮರೆಯತೊಡಗುತ್ತದೆ. ಎಷ್ಟು ಸಲ ಎದ್ದರೆಂದು ಹಾಸಿಗೆ ಪಕ್ಕದ ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ನಾಳೆ ಒಂದು ಗೀಟು ಹೆಚ್ಚಾಗಲಿ ಎಂಬ ಹಟ ಅವರಿಗೇ ಬರುತ್ತದೆ. ಒಂದು ಗುಂಡಿಗೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ. ನೀವು ಕೈಕಟ್ಟಿ ಕೂತಿರಿ.