ಕಾರ್ಡ್ ಇಲ್ಲದಿದ್ದರೆ ಬಿಲ್ ಇಲ್ಲ: ಸರ್ಕಾರಿ ಕಾಮಗಾರಿಯಲ್ಲಿ ನಾನು ಕಾಂಕ್ರೀಟ್ ಹಿಡಿದ ಬಗೆ

ಸರ್ಕಾರಿ ಕಟ್ಟಡಗಳ ಗುಣಮಟ್ಟ ನೋಡಿಕೊಳ್ಳುವ ಕೆಲಸದಲ್ಲಿ ನನಗೆ ಹತ್ತೊಂಬತ್ತು ವರ್ಷ ಆಯಿತು. ಮೊದಲ ಎಂಟೊಂಬತ್ತು ವರ್ಷ ನಾನು ನೋಡಿದ್ದು ಬರೀ ಕಾಗದ. ಕ್ಯೂಬ್ ಅಂದರೆ ಸುರಿಯುವ ಕಾಂಕ್ರೀಟನ್ನೇ ಅಚ್ಚಿಗೆ ತುಂಬಿ, ಗಟ್ಟಿಯಾದ ಮೇಲೆ ಲ್ಯಾಬಿನಲ್ಲಿ ಒಡೆದು ಬಲ ನೋಡುವ ಘನ. ಅದರ ರಿಪೋರ್ಟ್ ಬರುತ್ತಿತ್ತು, ಎಲ್ಲವೂ ಪಾಸ್. ಫೈಲಿಗೆ ಸೇರಿಸಿ ಮುಂದಕ್ಕೆ ಹೋಗುತ್ತಿದ್ದೆ.

ಕಣ್ಣು ತೆರೆಸಿದ್ದು ಒಂದು ಎರಡಂತಸ್ತಿನ ಕಟ್ಟಡ. ಕಾಂಕ್ರೀಟಿಗೆ ಬೇಕಿದ್ದ ಬಲ 25 ಎಂಪಿಎ (ಒತ್ತಡ ತಡೆಯುವ ಬಲದ ಅಳತೆ), ಕ್ಯೂಬ್‌ಗಳು 31, 33 ಅಂತ ತೋರಿಸುತ್ತಿದ್ದವು. ಸೆಂಟ್ರಿಂಗ್ ಬಿಚ್ಚಿದಾಗ ಎರಡು ಬೀಮ್‌ಗಳ ತಳದಲ್ಲಿ ಜಲ್ಲಿ ಹಲ್ಲು ಕಿರಿದು ನಿಂತಿತ್ತು. ಕೋರ್ ತೆಗೆಸಿದೆ, ಅಂದರೆ ಪರೀಕ್ಷೆಗೆ ಗಟ್ಟಿಯಾದ ಕಾಂಕ್ರೀಟಿನಿಂದಲೇ ತುಂಡು ಕೊರೆಸಿದೆ. ಮೂರು ಕೋರ್‌ಗಳ ಸರಾಸರಿ ಬೇಕಾದ ಬಲದ ಶೇ. 85 ಮುಟ್ಟಬೇಕು, ಯಾವುದೂ ಶೇ. 75ಕ್ಕಿಂತ ಕೆಳಗೆ ಇಳಿಯಬಾರದು ಅಲ್ವಾ? ನನ್ನವು ಸುಮಾರು ಶೇ. 62ರಲ್ಲಿ ಕೂತಿದ್ದವು. ಬೀಮ್ ಎರಡನ್ನೂ ಒಡೆಸಿದೆವು. ಹನ್ನೊಂದು ಕಾಲಂಗಳಿಗೆ ಹೊರಗಿಂದ ಮತ್ತೆ ಕಂಬಿ ಕಟ್ಟಿ ಕಾಂಕ್ರೀಟ್ ಹೊದಿಸಿದೆವು. ಗುತ್ತಿಗೆ ಮೊತ್ತದ ಶೇ. 8ರಷ್ಟು ಅದಕ್ಕೇ ಹೋಯಿತು, ಐದು ತಿಂಗಳೂ ಹೋಯಿತು. ಖರ್ಚು ಯಾರ ತಲೆಗೆ ಅನ್ನುವ ಜಗಳ ಮಾತ್ರ ಎರಡು ವರ್ಷ ನಡೆಯಿತು. ಆ ಉತ್ತರಗಳನ್ನೆಲ್ಲ ಬರೆದವನು ನಾನೇ.

ಕೊನೆಗೆ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಮುಚ್ಚಿಡಲಿಲ್ಲ. "ಸಾರ್, ಕ್ಯೂಬಿಗೆ ಬೇರೆ ಕಲಸ್ತೀವಿ, ಸ್ಲ್ಯಾಬಿಗೆ ಬೇರೆ" ಅಂದರು.

ಆಮೇಲೆ ನಾನು ಮಾಡಿದ್ದೆಲ್ಲ ಸರಿಯಾಗಿರಲಿಲ್ಲ. ಮೊದಲು ಕ್ಯೂಬ್ ಸಂಖ್ಯೆ ದುಪ್ಪಟ್ಟು ಮಾಡಿದೆ. ಚೆನ್ನಾಗಿರುವ ಸುಳ್ಳು ರಿಪೋರ್ಟ್ ದುಪ್ಪಟ್ಟಾಯಿತು, ಅಷ್ಟೇ. ಆಮೇಲೆ ನಾನೇ ಸೈಟಿನಲ್ಲಿ ಕೂತೆ. ಆರು ಸೈಟ್‌ಗಳಲ್ಲಿ ಒಂದರಲ್ಲಿ ಕೂರಬಹುದು. ನಾನು ಎದ್ದು ಹೋದ ಕೂಡಲೇ ಮಿಕ್ಸರ್‌ಗೆ ನೀರಿನ ಪೈಪ್ ಬೀಳುತ್ತಿತ್ತು, ನೀರು ಹೆಚ್ಚಾದರೆ ಬಲ ಇಳಿಯುತ್ತದೆ. ದಂಡ ಹಾಕಿದೆ. ಅರ್ಧಕ್ಕರ್ಧ ಮೇಲ್ಮನವಿಯಲ್ಲಿ ವಾಪಸ್ ಹೋಯಿತು. ಉಳಿದದ್ದನ್ನು ಗುತ್ತಿಗೆದಾರರು ಮುಂದಿನ ಟೆಂಡರಿನ ದರಕ್ಕೆ ಸೇರಿಸಿಕೊಂಡರು.

ಕೆಲಸ ಮಾಡಿದ್ದು ಒಂದು ಪುಟದ ಕಾರ್ಡ್. ಪೋರ್ ಕಾರ್ಡ್ ಅಂದರೆ ಪ್ರತಿ ಸಲ ಕಾಂಕ್ರೀಟ್ ಸುರಿಯುವಾಗ (ಪೋರ್) ಎಲ್ಲ ಸರಿಯಿದೆಯಾ ಅಂತ ನೋಡಿ ಸಹಿ ಹಾಕುವ ಹಾಳೆ. ಈ ಕೆಲಸದಲ್ಲಿರುವವರಿಗೆ ಅದು ಹೊಸದಲ್ಲ, ಎಲ್ಲರ ಫೈಲಿನಲ್ಲೂ ಇದೆ. ನಾನು ಬದಲಿಸಿದ್ದು ಎರಡೇ ವಿಷಯ. ಕಾರ್ಡ್ ನಂಬರ್ ಇಲ್ಲದ ಕಾಂಕ್ರೀಟನ್ನು ಅಳತೆ ಪುಸ್ತಕಕ್ಕೆ ಬರೆಯುವುದಿಲ್ಲ. ಬರೆಯದಿದ್ದರೆ ಬಿಲ್ ಇಲ್ಲ. ಎರಡನೆಯದು, ಇಬ್ಬರು ಇಂಜಿನಿಯರ್‌ಗಳ ಜೊತೆ ಮೇಸ್ತ್ರಿಯೂ ಸಹಿ ಹಾಕಬೇಕು. ಇದಕ್ಕೆ ಮೇಲಿನವರು ಒಪ್ಪಲಿಲ್ಲ. "ಅವರ ಸಹಿಗೆ ಏನು ಬೆಲೆ?" ಅಂದರು. ನಾನು ಬಿಡಲಿಲ್ಲ. ಕಂಬಿಯನ್ನು ಸೆಂಟ್ರಿಂಗ್‌ಗೆ ತಾಗದಂತೆ ಹಿಡಿಯುವ ಕವರ್ ಬ್ಲಾಕ್ ಜಾರಿದ್ದು, ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಸೂಜಿ ಕೆಟ್ಟಿದ್ದು ಮೊದಲು ಗೊತ್ತಾಗುವುದು ಅವರಿಗೆ. ಸಹಿ ಕೇಳಿದ ಮೇಲೆ ಅವರೇ ಕೆಲಸ ನಿಲ್ಲಿಸತೊಡಗಿದರು.

ಒಂದು ಎಚ್ಚರ. ಇದು ಟೆಂಡರ್ ಶರತ್ತಿನಲ್ಲೇ ಇರಬೇಕು. ನಡೆಯುತ್ತಿದ್ದ ಕಾಮಗಾರಿಗೆ ಮಧ್ಯದಲ್ಲಿ ಹೇರಲು ಹೋಗಿ ನಾನು ಸೋತೆ. ಅಲ್ಲಿ ಗುತ್ತಿಗೆದಾರರ ವಾದವೇ ಸರಿಯಾಗಿತ್ತು.

ಕ್ಯೂಬನ್ನು ಈಗ ಮಿಕ್ಸರ್ ಬಾಯಿಯಲ್ಲಿ ತೆಗೆಯುವುದಿಲ್ಲ. ಕಾಂಕ್ರೀಟ್ ಬೀಳುವ ಜಾಗದಲ್ಲಿ, ಕಂಬಿಯ ಪಕ್ಕದಲ್ಲೇ ತೆಗೆಯುತ್ತೇವೆ. ಯಾವ ಬ್ಯಾಚಿನಿಂದ (ಒಂದು ಸಲ ಕಲಸಿದ ಕಾಂಕ್ರೀಟ್) ಅಂತ ನಾನು ಸುರಿಯುವಾಗಲೇ ಫೋನ್ ಮಾಡಿ ಹೇಳುತ್ತೇನೆ. ಬ್ಯಾಚ್ ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಹೋಗುವುದು ಬರೀ ಒಂದು ಸಂಖ್ಯೆ, ಯಾವ ಕಟ್ಟಡ, ಎಷ್ಟು ಬಲ ಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ಅಚ್ಚಿಗೆ ತುಂಬುವಾಗ ಒಳಗೆ ಒಂದು ಚಿಕ್ಕ ಗುರುತು ಸೇರಿಸುತ್ತೇವೆ, ಒಡೆದಾಗ ಅದು ಕಾಣಬೇಕು. ಅದು ಏನು ಅನ್ನುವುದೂ ನನ್ನಲ್ಲೇ ಇರಲಿ. ಮೊದಲ ತಿಂಗಳು ಮೂರು ಕ್ಯೂಬ್‌ಗಳಲ್ಲಿ ಗುರುತೇ ಇರಲಿಲ್ಲ. ಆ ಮೂರೂ ಸ್ಲ್ಯಾಬ್‌ಗಳ ಬಿಲ್ ಕೋರ್ ರಿಪೋರ್ಟ್ ಬರುವವರೆಗೆ ನಿಂತಿತು. ಆಮೇಲೆ ಯಾರೂ ಬದಲಾಯಿಸಲಿಲ್ಲ.

ಇನ್ನೊಂದು, ಒಡೆಯುವ ಮೊದಲು ತೂಕ ಮಾಡಿ. 150 ಮಿ.ಮೀ. ಕ್ಯೂಬ್ ಸುಮಾರು 8.1 ಕೆಜಿ ಇರಬೇಕು. 7.8ಕ್ಕೆ ಇಳಿದರೆ ನಾನು ಮೊದಲು ನೋಡುವುದು ಅದನ್ನು ಹೇಗೆ ಕುಟ್ಟಿದ್ದಾರೆ ಅಂತ. ಒಳಗೆ ಶೇ. 1ರಷ್ಟು ಗಾಳಿ ಉಳಿದರೆ ಬಲ ಶೇ. 5ರಷ್ಟು ಹೋಗುತ್ತದೆ. ಒಂದು ತಕ್ಕಡಿಯ ಖರ್ಚಿನಲ್ಲಿ ಇಷ್ಟೊಂದು ತಿಳಿಯುತ್ತದೆ ಅಂದರೆ ಬಿಡಬಾರದು.

ಮಧ್ಯೆ ಮರಳಿನ ಹಿಂದೆ ಬಿದ್ದಿದ್ದೆ. ಒಂದು ಚಿಕ್ಕ ಕಾಮಗಾರಿಯಲ್ಲಿ ಪೆಟ್ಟಿಗೆ ಅಳತೆಯಲ್ಲಿ ಕಲಸುತ್ತಿದ್ದರು. ಮಳೆ ಬಂದ ವಾರ ಕಾಂಕ್ರೀಟ್ ಒರಟಾಯಿತು, ಮೇಸ್ತ್ರಿ ನೀರು ಕೇಳಿದರು. ಗಾಜಿನ ಜಾಡಿಯಲ್ಲಿ ಒದ್ದೆ ಮರಳು ತುಂಬಿ, ನೀರಿನಲ್ಲಿ ಮುಳುಗಿಸಿ ನೋಡಿದೆ. ಮರಳಿನ ಮಟ್ಟ ಇಳಿಯಿತು; ಒದ್ದೆಗೆ ಅದು ಶೇ. 28ರಷ್ಟು ಉಬ್ಬಿತ್ತು. ಅಂದರೆ ಪೆಟ್ಟಿಗೆ ತುಂಬಿದ್ದರೂ ಮರಳು ಕಡಿಮೆ ಬೀಳುತ್ತಿತ್ತು. ಅಂದಿನಿಂದ ಎಷ್ಟೇ ಚಿಕ್ಕ ಕೆಲಸವಾದರೂ ತೂಕದಲ್ಲೇ ಕಲಸಬೇಕು ಅಂತ ಬರೆಯುತ್ತೇನೆ. ಕಾಂಕ್ರೀಟಿನ ಮೇಲೆ ಬಡಿದು ಬಲ ಅಂದಾಜಿಸುವ ರಿಬೌಂಡ್ ಹ್ಯಾಮರ್ ಕೂಡ ಹಿಡಿದು ಓಡಾಡಿದೆ. ಒಂದೇ ಗೋಡೆ ಒದ್ದೆ ಇದ್ದಾಗ ಕಡಿಮೆ, ಒಣಗಿದಾಗ ಜಾಸ್ತಿ ತೋರಿಸಿತು. ಎಲ್ಲಿ ಕೋರ್ ತೆಗೆಯಬೇಕು ಅಂತ ಹುಡುಕಲು ಅದು ಸಾಕು, ಬಿಲ್ ನಿಲ್ಲಿಸಲು ಸಾಲದು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪರೀಕ್ಷೆಗಳು, ಒಬ್ಬ ಹೆಚ್ಚುವರಿ ಸಹಾಯಕ ಸೇರಿ ಗುತ್ತಿಗೆ ಮೊತ್ತದ ಶೇ. 1ರಿಂದ 1.2 ಖರ್ಚು. ಮೊದಲು ಆರೇಳು ಪೋರ್‌ಗಳಲ್ಲಿ ಒಂದಕ್ಕೆ ರಿಪೇರಿ ಬೇಕಾಗುತ್ತಿತ್ತು. ಈಚಿನ ಮೂರು ಕಟ್ಟಡಗಳಲ್ಲಿ ನಲವತ್ತಕ್ಕೆ ಒಂದು ಇರಬಹುದು. ಕಾರ್ಡ್ ಹಾಕಿದ ಮೊದಲ ಕಟ್ಟಡ ಮೂರು ವಾರ ತಡವಾಯಿತು, ಆಗ ಬೈಸಿಕೊಂಡೆ. ಮೂರನೆಯದು ಗಡುವಿಗಿಂತ ಇಪ್ಪತ್ತು ದಿನ ಮೊದಲೇ ಮುಗಿಯಿತು. ಎಲ್ಲರಿಗಿಂತ ಹೆಚ್ಚು ವಿರೋಧಿಸಿದ್ದ ಗುತ್ತಿಗೆದಾರರು ಈಗ ತಮ್ಮ ಖಾಸಗಿ ಕೆಲಸಗಳಿಗೂ ಇದೇ ಕಾರ್ಡ್ ಬಳಸುತ್ತಿದ್ದಾರೆ. ಇದು ನನಗೆ ತುಂಬಾ ಹೆಮ್ಮೆಯ ವಿಷಯ.

ತಾರಸಿಯ ನೀರು ಸೋರಿಕೆ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಅದಕ್ಕೂ ಒಂದು ಕಾರ್ಡ್ ಮಾಡಿ, 72 ಗಂಟೆ ನೀರು ನಿಲ್ಲಿಸಿ ನೋಡುತ್ತಿದ್ದೇನೆ. ಸ್ಲ್ಯಾಬ್ ಒಣಗಿಯೇ ಇರುತ್ತದೆ, ಪೈಪ್ ಹೊರಬರುವ ಜಾಗದಲ್ಲಿ ಒದ್ದೆ ಕಾಣುತ್ತದೆ. ಈ ಸಲ ಪ್ಲಂಬರ್ ಸಹಿಯನ್ನೂ ಸೇರಿಸಿದ್ದೇನೆ.