ಅವ್ವನ ಕ್ಯಾನ್ಸರ್ ಮೆದುಳಿಗೆ ಹೋದಾಗ ನಾವು ಕಲಿತದ್ದು

ಎದೆ ಕ್ಯಾನ್ಸರ್ ವಾಸಿಯಾಯ್ತು ಅಂತ ಕೊಪ್ಪಳದಲ್ಲಿ ನಾವು ನಿರಾಳವಾಗಿದ್ದೆವು. ಅವ್ವನಿಗೆ ಬೆಳಿಗ್ಗೆ ಏಳುತ್ತಲೇ ತಲೆನೋವು, ವಾಂತಿ ಶುರುವಾದಾಗ ಪಿತ್ತ ಅಂದುಕೊಂಡೆವು. ರೊಟ್ಟಿ ಬಡಿಯುವಾಗ ಬಲಗೈ ಸೋತಾಗಲೇ ಎಚ್ಚರವಾಗಿದ್ದು. ಕ್ಯಾನ್ಸರ್ ಬಂದು ಹೋದವರಿಗೆ ಹೀಗಾದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ಕಾಯಬೇಡಿ.

ಎಂಆರ್‌ಐ ಕೋಣೆಗೆ ಒಡವೆ ಬಿಡೋದಿಲ್ಲ. ಅವ್ವ ಮೂಗುಬಟ್ಟನ್ನು 40 ವರ್ಷದಿಂದ ತೆಗೆದೇ ಇರಲಿಲ್ಲ. ಬಾಗಿಲಲ್ಲೇ ಅರ್ಧ ಗಂಟೆ ಒದ್ದಾಡಿದೆವು. ನೀವು ಊರಲ್ಲೇ ಅಕ್ಕಸಾಲಿಗರ ಹತ್ತಿರ ತೆಗೆಸಿಕೊಂಡು ಹೋಗಿ. ಕಾಲುಂಗುರಾನೂ.

ಮೆದುಳಲ್ಲಿದ್ದರೂ ಅದು ಎದೆ ಕ್ಯಾನ್ಸರೇ. ಹಾಗಾಗಿ ಎದೆ ಗಂಟಿನ ಚೂರು ತೆಗೆದು ಪರೀಕ್ಷಿಸಿದ ಮೊದಲ ಬಯಾಪ್ಸಿ ರಿಪೋರ್ಟ್ ಬೇಕೇ ಬೇಕು. ಯಾವ ಔಷಧ ಅನ್ನೋದನ್ನು ಅದನ್ನು ನೋಡಿಯೇ ಹೇಳುತ್ತಾರೆ. ದೊಡ್ಡದೊಂದೇ ಗಂಟಿದ್ದು ಮೈ ಗಟ್ಟಿಯಿದ್ದರೆ ಆಪರೇಷನ್ ಮಾಡಬಹುದು. ಸಣ್ಣವು ಕೆಲವೇ ಇದ್ದರೆ ಅವಕ್ಕಷ್ಟೇ ಗುರಿಯಿಟ್ಟು 1ರಿಂದ 5 ಸಲ ಕರೆಂಟ್ (ರೇಡಿಯೇಷನ್) ಕೊಡುತ್ತಾರೆ. ಅವ್ವನಿಗೆ ಗಂಟುಗಳು ಜಾಸ್ತಿ ಇದ್ದವು. ಇಡೀ ತಲೆಗೆ 10 ಸಲ ಕರೆಂಟ್ ಕೊಟ್ಟರು. ಶನಿವಾರ, ಭಾನುವಾರ ರಜೆ, ಅಂದರೆ ಎರಡು ವಾರ ಬೆಂಗಳೂರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತ್ ಹಿಡಿಯಿರಿ. ಆಯುಷ್ಮಾನ್ ಕಾರ್ಡ್, ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಡೆಕ್ಸಾ (ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್) ಮಾತ್ರೆ. ಇದು ಕ್ಯಾನ್ಸರ್ ಕೊಲ್ಲೋದಿಲ್ಲ, ಗಂಟಿನ ಸುತ್ತಲಿನ ಬಾವು ಇಳಿಸುತ್ತದೆ. ಎರಡೇ ದಿನಕ್ಕೆ ಅವ್ವ ಎದ್ದು ಕೂತಳು, ಮೂರು ರೊಟ್ಟಿ ತಿಂದಳು. ಉಂಡ ಮೇಲೆಯೇ ಕೊಡಿ. ರಾತ್ರಿ ಕೊಟ್ಟರೆ ನಿದ್ದೆ ಹಾರಿಹೋಗುತ್ತದೆ, ಹಾಗಾಗಿ ಹೊತ್ತು ಡಾಕ್ಟರನ್ನೇ ಕೇಳಿ. ಸಕ್ಕರೆಯನ್ನೂ ಆಗಾಗ ನೋಡಬೇಕು. ಅವ್ವನಿಗೆ ಸಕ್ಕರೆ ಏರಿತು ಅಂತ ನಾನೇ ಶಾಣ್ಯಾತನ ಮಾಡಿ ಮಾತ್ರೆ ನಿಲ್ಲಿಸಿಬಿಟ್ಟೆ. ಅವ್ವ ಮತ್ತೆ ಹಾಸಿಗೆ ಹಿಡಿದಳು. ಈ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು. ಡಾಕ್ಟರು ಬರೆದುಕೊಟ್ಟ ಹಾಗೆ ಸ್ವಲ್ಪಸ್ವಲ್ಪ ಇಳಿಸಬೇಕು. ಕ್ಯಾಲೆಂಡರ್ ಮೇಲೆ ದಿನದ ಲೆಕ್ಕ ಬರೆದಿಡಿ, ನನ್ನ ಹಾಗೆ ನೆನಪು ನಂಬಬೇಡಿ.

ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ. ಹತ್ತಿರದ ಗಟ್ಟಿ ಸಾಮಾನು ಸರಿಸಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ನೀರು, ಚಮಚ ಏನೂ ಬೇಡ. 5 ನಿಮಿಷ ದಾಟಿದರೆ, ಇಲ್ಲಾ ಒಂದರ ಹಿಂದೊಂದು ಬಂದರೆ 108ಕ್ಕೆ ಫೋನ್ ಮಾಡಿ.

ಅವ್ವನಿಗೆ ಬಂದ ದಿನ ಚಿಗವ್ವ ಕೀಲಿ ಹಿಡಿದು ಓಡಿ ಬಂದಳು, ಕೈಯಲ್ಲಿ ಕಬ್ಬಿಣ ಇಟ್ಟರೆ ನಿಲ್ಲುತ್ತದಂತೆ. ಬೈದರೆ ನೊಂದುಕೊಳ್ಳುತ್ತಾಳೆ, ಅಲ್ವಾ? "ಚಿಗವ್ವಾ, ಕೀಲಿ ಇರ್ಲಿ, ನೀ ಗಡಿಯಾರ ನೋಡು" ಅಂದೆ. ಫಿಟ್ಸ್ ನಿಲ್ಲುವವರೆಗೂ ಅವಳು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.