ಹಳೇ ರಿಸೀವರ್, ಹೊಸ 4ಕೆ ಟಿವಿ: ಒಂದೇ ಕೇಬಲ್‌ನಲ್ಲಿ 5.1 ಬಂದ ಬಗೆ

ನನ್ನ ರಿಸೀವರ್ (ದನಿಯನ್ನು ಬಿಡಿಸಿ 5.1ರ, ಅಂದರೆ ಐದು ಸ್ಪೀಕರು, ಒಂದು ಸಬ್ ವೂಫರಿಗೆ ಹಂಚುವ ಪೆಟ್ಟಿಗೆ) ಹಳೇ ಎಚ್‌ಡಿಎಂಐ 1.4ರದ್ದು. 4ಕೆ ಚಿತ್ರಗಳ ನಕಲು ತಡೆಯುವ ಬೀಗವಾದ ಎಚ್‌ಡಿಸಿಪಿ 2.2 ಅದಕ್ಕೆ ತಿಳಿಯದು, ಹಾಗಾಗಿ ಅಂಥ ಚಿತ್ರ ಅದರ ಮೂಲಕ ದಾಟುವುದಿಲ್ಲ. ಗುಜರಿಗೆ ಹಾಕಿ ಸೌಂಡ್‌ಬಾರ್ ತಗೊಳ್ಳಿ ಎಂದವರೇ ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಅದೇ ಮಾತು. ಹೊಸ ರಿಸೀವರ್‌ಗೆ ನನಗೆ ಹೇಳಿದ ಬೆಲೆ 40 ಸಾವಿರದ ಮೇಲೆ. ನಾನು ಖರ್ಚು ಮಾಡಿದ್ದು ಎಲ್ಲ ಸೇರಿ 6 ಸಾವಿರದ ಆಸುಪಾಸು. ಚಿತ್ರ 4ಕೆಯಲ್ಲೇ ಇದೆ, ಐದೂ ಸ್ಪೀಕರು, ಸಬ್ ವೂಫರು ಸರಿಯಾಗಿ ನುಡಿಯುತ್ತಿವೆ.

ಚಿತ್ರವನ್ನು ರಿಸೀವರ್ ಮೂಲಕ ದಾಟಿಸುವ ಯೋಚನೆಯನ್ನೇ ಬಿಟ್ಟೆ. ಸೆಟ್‌ಟಾಪ್ ಬಾಕ್ಸ್, ಪ್ಲೇಯರ್ ಎಲ್ಲ ನೇರ ಟಿವಿಗೆ. ಟಿವಿಯ ಆರ್ಕ್ (ARC, ಟಿವಿಯ ದನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹಿಂದಕ್ಕೆ ಕಳಿಸುವ ಸೌಲಭ್ಯ) ಪೋರ್ಟಿನಿಂದ ರಿಸೀವರ್‌ನ ಎಚ್‌ಡಿಎಂಐ ಔಟ್‌ಗೆ ಒಂದು ಕೇಬಲ್. ಇನ್‌ಗೆ ಹಾಕಿದರೆ ದನಿ ಬರುವುದಿಲ್ಲ. ಟಿವಿ, ರಿಸೀವರ್ ಎರಡರಲ್ಲೂ ಸಿಇಸಿ (ಎಚ್‌ಡಿಎಂಐ ಮೂಲಕ ಒಂದನ್ನೊಂದು ನಿಯಂತ್ರಿಸುವ ಸೆಟ್ಟಿಂಗ್) ಆನ್ ಇರಲಿ. 1.4 ಇದ್ದ ಮಾತ್ರಕ್ಕೆ ಆರ್ಕ್ ಇರುತ್ತದೆಂದಿಲ್ಲ, ಹಿಂಬದಿಯ ಅಚ್ಚು ನೋಡಿ. ಇಲ್ಲದಿದ್ದರೆ ಆಪ್ಟಿಕಲ್ (ದನಿಯನ್ನು ಬೆಳಕಾಗಿ ಒಯ್ಯುವ ಕೇಬಲ್) ಹಾಕಿ, ಅದರಲ್ಲೂ ಡಾಲ್ಬಿ ಡಿಜಿಟಲ್ ಎಂಬ ಅಡಕಗೊಳಿಸಿದ 5.1 ದನಿ ಬರುತ್ತದೆ.

ಇಷ್ಟಾದರೂ ಬಹಳ ಕಡೆ ಬರೀ ಸ್ಟೀರಿಯೋ ಬರುತ್ತದೆ. ಬಾಕ್ಸು ಪಿಸಿಎಂ (ಅಡಕಗೊಳಿಸದೆ ಬಿಡಿಸಿದ ದನಿ) ಕಳಿಸುತ್ತಿರುತ್ತದೆ, ಆರ್ಕ್ ಹೊರುವುದು ಎರಡು ಚಾನೆಲ್ ಪಿಸಿಎಂ ಮಾತ್ರ. ಬಾಕ್ಸನ್ನು ಬಿಟ್‌ಸ್ಟ್ರೀಮ್‌ಗೆ, ಅಂದರೆ ದನಿಯನ್ನು ಬಿಡಿಸದೆ ಹಾಗೇ ಕಳಿಸುವಂತೆ, ಹಾಕಿ. ಟಿವಿಯ ದನಿ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಆಟೋ ಬೇಡ, ಡಾಲ್ಬಿ ಡಿಜಿಟಲ್ ಎಂದೇ ಗಟ್ಟಿ ಮಾಡಿ. ಆಟೋದಲ್ಲಿ ಒಟಿಟಿಯ ಡಾಲ್ಬಿ ಡಿಜಿಟಲ್ ಪ್ಲಸ್ (ಅದರ ಹೊಸ ರೂಪ) ಹಾಗೇ ಹೋಗಬಹುದು, ಕೆಲವು ಹಳೇ ರಿಸೀವರ್‌ಗಳು ಅದನ್ನು ಆರ್ಕ್‌ನಲ್ಲಿ ಒಪ್ಪದೆ ಸುಮ್ಮನಾಗುತ್ತವೆ. ಡಾಲ್ಬಿಗೆ ಪ್ರತಿಸ್ಪರ್ಧಿಯಾದ ಡಿಟಿಎಸ್ ದನಿ ಇರುವ ಪೆನ್‌ಡ್ರೈವ್ ಫೈಲುಗಳದ್ದು ಬೇರೆ ಕಥೆ, ಎಷ್ಟೋ ಟಿವಿಗಳು ಅದನ್ನು ದಾಟಿಸುವುದಿಲ್ಲ. ನಾನು ವಿಡಿಯೋ ಮುಟ್ಟದೆ ಆಡಿಯೋ ಮಾತ್ರ 640 ಕೆಬಿಪಿಎಸ್ ಎಸಿ3ಗೆ (ಡಾಲ್ಬಿ ಡಿಜಿಟಲ್‌ನ ಇನ್ನೊಂದು ಹೆಸರು) ಬದಲಿಸಿಕೊಳ್ಳುತ್ತೇನೆ. ಕಿವಿಗೆ ವ್ಯತ್ಯಾಸ ಸಿಕ್ಕಿಲ್ಲ.

ನಡುವೆ ಎಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್ (ಚಿತ್ರದಿಂದ ದನಿಯನ್ನು ಬೇರ್ಪಡಿಸಿ ಕೊಡುವ ಡಬ್ಬಿ) ಪ್ರಯೋಗವೂ ಆಯಿತು, ಎರಡೂವರೆ ಸಾವಿರ ಹೋಯಿತು. ಯಾವ ಬಗೆಯ ದನಿ ಬೇಕೆಂದು ಬಾಕ್ಸಿಗೆ ತಿಳಿಸುವ ಅದರ ಇಡಿಐಡಿ ಸ್ವಿಚ್ ಟಿವಿ ಮೋಡ್‌ನಲ್ಲಿದ್ದಾಗ ಬರೀ ಸ್ಟೀರಿಯೋ. 5.1ಕ್ಕೆ ತಿರುಗಿಸಿದರೆ ದನಿ ಬಂತು, ಆದರೆ ಡಬ್ಬಿ ಕಾದು ಆಗಾಗ ಪರದೆ ಕಪ್ಪಾಗುತ್ತಿತ್ತು. ಆರ್ಕ್ ಇದ್ದವರಿಗೆ ಅದರ ಗೊಡವೆ ಬೇಡ.

ದುಡ್ಡು ಹಾಕಬೇಕಾದ್ದು ಸ್ಪೀಕರ್ ವೈರಿಗೆ. ತಾಮ್ರ ಎಂದು ಮಾರುವುದರಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಸಾಕಷ್ಟಿದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಶುದ್ಧ ತಾಮ್ರದ 16 ಗೇಜ್ (ಎಡಬ್ಲ್ಯೂಜಿ ಅಳತೆ) ವೈರು 10 ಮೀಟರ್ ಓಡಿದರೆ ಹೋಗಿಬರುವ ದಾರಿ ಸೇರಿ ಅದರ ವಿದ್ಯುತ್ ತಡೆ 0.26 ಓಮ್ ಹತ್ತಿರ. ಅಲ್ಯೂಮಿನಿಯಂದಾದರೆ ಒಂದೂವರೆ ಪಟ್ಟು. 6 ಓಮ್ ಸ್ಪೀಕರಿಗೆ ಮೊದಲನೆಯದು ನಡೆಯುತ್ತದೆ. ಹಿಂದಿನ ಎರಡು ಸ್ಪೀಕರಿಗೆ ನನಗೆ ಸುಮಾರು 25 ಮೀಟರ್ ಹಿಡಿಯಿತು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲ, ಸ್ಕರ್ಟಿಂಗ್ ಮೇಲೆ ಕೇಸಿಂಗ್ ಪಟ್ಟಿ ಅಂಟಿಸಿದರೆ ಸಾಕು.

ಸಬ್ ವೂಫರಿನ ಗುಂಯ್ ಸದ್ದು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ಸೆಟ್‌ಟಾಪ್ ಬಾಕ್ಸಿಗೆ ಸಿಗ್ನಲ್ ತರುವ ಕೋಆಕ್ಸ್ ಕೇಬಲ್ ಕಳಚಿ ನೋಡಿ, ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಬೇರೆ ಬೇರೆ ಅರ್ತ್ ದಾರಿಗಳ ನಡುವೆ ಸುತ್ತುವ ಕರೆಂಟು. ಕೇಬಲ್ ಟಿವಿಗೆ ಆ ಸುತ್ತನ್ನು ಕಡಿಯುವ 300 ರೂಪಾಯಿಯ ಐಸೊಲೇಟರ್ ಸಾಕು. ಡಿಟಿಎಚ್‌ಗೆ ಅದನ್ನು ಹಾಕಬೇಡಿ. ಅದೇ ತಂತಿಯಲ್ಲಿ ಎಲ್‌ಎನ್‌ಬಿಗೆ (ಡಿಶ್ ಮುಂದಿನ ಗ್ರಾಹಕ) 13/18 ವೋಲ್ಟ್ ಡಿಸಿ ಹೋಗುತ್ತಿರುತ್ತದೆ, ಐಸೊಲೇಟರ್ ಅದನ್ನು ತಡೆದು ಸಿಗ್ನಲ್ಲೇ ನಿಲ್ಲುತ್ತದೆ. ಡಿಟಿಎಚ್‌ನವರು ಆರ್ಕ್ ಬಿಟ್ಟು ಆಪ್ಟಿಕಲ್‌ಗೆ ಬದಲಾದರೆ, ಅದು ಕರೆಂಟು ಹಾಯಿಸದ್ದರಿಂದ, ಆ ದಾರಿಯ ಲೂಪ್ ಕಡಿಯುತ್ತದೆ. ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ, ಅದು ಜೀವದ ಪ್ರಶ್ನೆ.

ಕರೆಂಟ್ ಹೋಗಿ ಬಂದ ಮೇಲೆ ಆರ್ಕ್ ಸತ್ತಂತಿದ್ದರೆ ಟಿವಿ, ರಿಸೀವರ್ ಎರಡರ ಪ್ಲಗ್ಗನ್ನೂ ಒಂದೆರಡು ನಿಮಿಷ ಕಿತ್ತಿಡಿ. ಮತ್ತೆ ಯಾವುದನ್ನು ಮೊದಲು ಆನ್ ಮಾಡಬೇಕೆಂಬುದು ಸೆಟ್‌ನಿಂದ ಸೆಟ್‌ಗೆ ಬೇರೆ.

ಸರೌಂಡ್ ಸ್ಪೀಕರುಗಳನ್ನು ಕೂರುವ ಜಾಗದಲ್ಲಿ ನೇರ ಮುಂದಿನ ದಿಕ್ಕಿನಿಂದ ಅಳೆದರೆ 110 ಡಿಗ್ರಿಗೆ, ಕಿವಿಗಿಂತ ತುಸು ಮೇಲೆ ಇಟ್ಟಿದ್ದೇನೆ. ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ದನಿ ಸಬ್ ವೂಫರಿಗೆ ಹೋಗುವ ಗಡಿ) 80 ಹರ್ಟ್ಸ್. ಸಬ್ ವೂಫರಿಗೆ ಜಾಗ ಹುಡುಕುವ ನನ್ನದೇ ಒಂದು ಉಪಾಯವಿದೆ, ಅದು ನನ್ನ ಬಳಿಯೇ ಇರಲಿ. ಮೂಲೆಯಿಂದ ಹೊರಗೆಳೆದರೆ ಗುಡುಗು ಇಳಿಯುತ್ತದೆ ಎಂದಷ್ಟೇ ಹೇಳುತ್ತೇನೆ. ತುಟಿಗೂ ಮಾತಿಗೂ ತಾಳ ತಪ್ಪುವುದು ಹೆಚ್ಚಾಗಿ ಟಿವಿಯ ಪಿಕ್ಚರ್ ಪ್ರಾಸೆಸಿಂಗ್‌ನಿಂದ. ದನಿ ಮುಂದೆ ಓಡುತ್ತಿದ್ದರೆ ರಿಸೀವರ್‌ನ ಡಿಲೇ ಏರಿಸಿ, ನನ್ನದು 60 ಮಿಲಿಸೆಕೆಂಡ್ ಆಚೀಚೆ ನಿಂತಿದೆ.